ಬುಟ್ಟಿ ಇಳಿಸುವ ಮೊದಲು ಪಾದ

ಗಿರಾಕಿಗಳು ಕಾಯುತ್ತಿದ್ದರೂ ಅಮ್ಮ ಬಂಗುಡೆ ಬುಟ್ಟಿಯನ್ನು ಬದಿಗೆ ಸರಿಸಿ, ಪಕ್ಕದಲ್ಲಿ ಮೀನು ಮಾರುವ ಸೀತಕ್ಕನ ಪಾದವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ತಿಂಡಿ ಕೊಡಲು ಹಂಗಾರಕಟ್ಟೆಯ ಮಾರುಕಟ್ಟೆಗೆ ಹೋಗಿದ್ದ ನಾನು ದಂಗಾದೆ. ಸೀತಕ್ಕನ ಹಿಮ್ಮಡಿಯಲ್ಲಿ ಮೀನಿನ ಮುಳ್ಳೊಂದು ಮುರಿದು ಕೂತು, ಸುತ್ತ ಕೀವಾಗಿತ್ತು.

“ನೋವೇ ಇಲ್ಲ ಮಾರಾಯ್ತಿ,” ಎಂದರು ಸೀತಕ್ಕ.

ಅಮ್ಮ ಗದರಿದಳು: “ನಂಗೂ ನೋವಿರ್ಲ. ಬೆರಳೇ ಹೋಯ್ತ್. ಈಗ್ಲೇ ಆಸ್ಪತ್ರಿಗ್ ಹೋಯಿ ಬಾ, ನಿನ್ ಮೀನ್ ನಾ ಮಾರ್ತೆ.”

ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿ, ಹೋದ ವರ್ಷ ಅಮ್ಮ ಕಾಲಿನ ಒಂದು ಬೆರಳು ಕಳೆದುಕೊಂಡಿದ್ದಳು. ಅಂದಿನಿಂದ ದಿನವೂ ವ್ಯಾಪಾರಕ್ಕೆ ಮುಂಚೆ, ಮೀನಿನ ಕಿವಿರು ಬಿಡಿಸಿ ನೋಡುವಷ್ಟೇ ಸೂಕ್ಷ್ಮವಾಗಿ ಅಲ್ಲಿನ ವಯಸ್ಸಾದ ಹೆಂಗಸರ ಪಾದಗಳನ್ನೆಲ್ಲ ನೋಡುತ್ತಾಳೆಂದು ಪಕ್ಕದವರು ಹೇಳಿ ನನಗೆ ಗೊತ್ತಾದದ್ದೇ ಆಗ. ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ.

ಮುಳ್ಳು ತೆಗೆಸಿ, ಪಟ್ಟಿ ಕಟ್ಟಿಸಿಕೊಂಡು ಸೀತಕ್ಕ ಮರಳುವಾಗ ಅವರ ಬುಟ್ಟಿ ಖಾಲಿಯಾಗಿತ್ತು. ಅಮ್ಮನದರಲ್ಲಿ ಅರ್ಧ ಉಳಿದಿತ್ತು. ಅದನ್ನು ನಾನೇ ತಲೆಯ ಮೇಲೆ ಹೊತ್ತೆ. ಹತ್ತಿರದ ಒಳದಾರಿ ಬಿಟ್ಟು ಅಂಗಡಿ ಸಾಲಿನ ಮುಂದೆಯೇ ನಡೆದೆ, ನಾನು ಯಾರ ಮಗಳೆಂದು ಎಲ್ಲರೂ ನೋಡಲಿ ಅಂತ.