ಬಿನ್ನಾಜಳ ಹನ್ನೆರಡು ಟವೆಲ್ಲು

ಬುರ್ಸಾ ಊರಿನ ಮುರಾದಿಯೆ ಓಣಿಯಲ್ಲಿ ಬಿನ್ನಾಜಳ ಕೈಗೆ ಬೆನ್ನು ಕೊಡದ ಹೆಂಗಸರೇ ಕಡಿಮೆ. ಹೆಂಗಸರ ಹಮಾಮಿನಲ್ಲಿ, ಅಂದರೆ ಊರ ಸ್ನಾನದ ಮನೆಯಲ್ಲಿ, ಮೈ ಉಜ್ಜುವ ಕೆಲಸಕ್ಕೆ ಸೇರಿದಾಗ ಅವಳಿಗೆ ಹತ್ತೊಂಬತ್ತು. ಈಗ ಐವತ್ತು ದಾಟಿತ್ತು, ಗಂಡ ತೀರಿಹೋಗಿ ಹದಿನಾಲ್ಕು ವರ್ಷವಾಗಿತ್ತು. ಓಣಿಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೈ ತೊಳೆಯಲು ಅವಳಿಗೇ ಕರೆ ಬರುತ್ತಿತ್ತು. ಆ ಕೆಲಸಕ್ಕೆ ಕೂಲಿ ಕೇಳುವ ಪದ್ಧತಿಯಿಲ್ಲ. ಮುಗಿದ ಮೇಲೆ ಮನೆಯವರು ಒಂದು ಸೋಪು, ತಾವೇ ಲೇಸಿನ ಅಂಚು ಹೆಣೆದ ಒಂದು ಹೊಸ ಟವೆಲ್ಲು ತಂದು ಕೈಗಿಡುತ್ತಾರೆ. ಕೈ ಒರೆಸಿಕೊಂಡು ಮನೆಗೆ ಹೋಗು, ನಿನ್ನ ಋಣ ನಮ್ಮ ಮೇಲಿರದಿರಲಿ ಎಂದು ಅದರ ಅರ್ಥ.

ಬಿನ್ನಾಜ್ ಕೈ ಒರೆಸಿಕೊಳ್ಳುತ್ತಿದ್ದದ್ದು ಸೊಂಟಕ್ಕೆ ಸಿಕ್ಕಿಸಿಕೊಂಡ ಹಳೇ ಬಟ್ಟೆಗೆ. ಟವೆಲ್ಲನ್ನು ಮಡಿಕೆ ಬಿಚ್ಚದೆ ತಂದು ಪೆಟ್ಟಿಗೆಯಲ್ಲಿಡುತ್ತಿದ್ದಳು. ಅದರಿಂದ ಮುಖ ಒರೆಸಿಕೊಳ್ಳಲು ಮನಸ್ಸು ಒಪ್ಪುತ್ತಿರಲಿಲ್ಲ, ಬಿಸಾಡಲೂ ಆಗುತ್ತಿರಲಿಲ್ಲ.

ಮಗಳು ಗುಲಿಜಾರಳಿಗೆ ಮದುವೆ ಗೊತ್ತಾಯಿತು. ಗಂಡಿನ ತಾಯಿ ಮುಕೆರ್ರೆಮ್ ಹಾನುಂ ನಾಲ್ಕು ಜನ ಮಾತು ಕೇಳುವಂಥ ಹೆಂಗಸು. ಹುಡುಗಿ ಅತ್ತೆ ಮನೆಗೆ ಹೋಗುವಾಗ ಮಾವನಿಗೊಂದು, ಅತ್ತೆಗೊಂದು, ಮೈದುನರಿಗೆ, ನಾದಿನಿಯರಿಗೆ ತಲೆಗೊಂದರಂತೆ ಒಟ್ಟು ಹನ್ನೆರಡು ಟವೆಲ್ಲು ಒಯ್ಯಬೇಕು. ಹಾಸಿಗೆ, ರಜಾಯಿ ಎಂದು ಬಿನ್ನಾಜಳ ಕೈ ಬರಿದಾಗಿತ್ತು. ಗುಲಿಜಾರ್ ದಿನಾ ಸಂಜೆ ಮುಖ ಊದಿಸಿಕೊಂಡು, ಹನ್ನೆರಡು ಟವೆಲ್ಲಿಲ್ಲದೆ ಆ ಮನೆಯ ಹೊಸ್ತಿಲು ತುಳಿಯುವುದು ಹೇಗೆ ಎಂದು ಕೇಳುತ್ತಿದ್ದಳು.

ಒಂದು ದಿನ ಮಗಳು ಗಿರಣಿ ಕೆಲಸಕ್ಕೆ ಹೋದ ಮೇಲೆ ಬಿನ್ನಾಜ್ ಪೆಟ್ಟಿಗೆ ತೆರೆದಳು. ಎಲ್ಲಾ ಹೊಸವು, ಒಬ್ಬರ ಮೈಯನ್ನೂ ಮುಟ್ಟಿದವಲ್ಲ. ತನಗೆ ಕೊಟ್ಟದ್ದು ತನ್ನದೇ ತಾನೆ ಎಂದು ತನಗೇ ಹೇಳಿಕೊಂಡಳು. ಒಳ್ಳೆಯವು ಹನ್ನೆರಡು ಆರಿಸಿ, ಮೂರು ನೀರಿನಲ್ಲಿ ತೊಳೆದು, ನೂಲಿನ ಕುಣಿಕೆಗಳು ಮೆತ್ತಗೆ ಎದ್ದು ನಿಲ್ಲುವಂತೆ ಕೊಡವಿ ಒಣಗಿಸಿದಳು. ಗುರುತು ಸಿಗದಿರಲೆಂದು ಒಂದೊಂದರ ಲೇಸಿನ ಅಂಚನ್ನೂ ಕತ್ತರಿಸಿ ಒಲೆಗೆ ಹಾಕಿ, ತಾನೇ ಹೊಸ ಅಂಚು ಹೆಣೆದಳು. ಹನ್ನೊಂದಕ್ಕೆ ಹೀಗೆ ಮಾಡಿದಳು. ಹನ್ನೆರಡನೆಯದರ ಅಂಚಿನಲ್ಲಿ ಸಾಲಾಗಿ ಹಿಪ್ಪುನೇರಳೆ ಹಣ್ಣುಗಳಿದ್ದವು, ಎಷ್ಟು ಚೆಂದವೆಂದರೆ ಕತ್ತರಿ ಹಿಡಿದ ಕೈ ಅಲ್ಲೇ ನಿಂತಿತು. ಮೂಲೆಯ ಹಣ್ಣು ಮಾತ್ರ ಅರ್ಧಕ್ಕೇ ನಿಂತಿತ್ತು. ಅದನ್ನು ಹಾಗೇ ಬಿಟ್ಟಳು.

ಹಮಾಮಿನ ಗಿರಾಕಿಗಳು ಮದುವೆಗೆಂದು ಕೊಟ್ಟರು ಎಂದಳು ಮಗಳಿಗೆ. ಗುಲಿಜಾರ್ ತಾಯಿಯ ಕುತ್ತಿಗೆಗೆ ಜೋತುಬಿದ್ದಳು.

ಮದುವೆಯ ವಾರ ನಡುಮನೆಯಲ್ಲಿ ಹಗ್ಗ ಕಟ್ಟಿ ಎಲ್ಲವನ್ನೂ ಹರವಿದರು. ಓಣಿಯ ಹೆಂಗಸರು ಮುಟ್ಟಿ, ತಿರುವಿ ನೋಡಿದರು. ಆ ಮನೆಯಲ್ಲಿ ಇನ್ನು ಯಾರೂ ಒದ್ದೆ ಮೈಯಲ್ಲಿ ನಿಲ್ಲುವ ಹಾಗಿಲ್ಲ ಎಂದು ಒಬ್ಬಳು ನಗೆಯಾಡಿದಳು. ಮುಕೆರ್ರೆಮ್ ಹಾನುಂ ಹಿಪ್ಪುನೇರಳೆ ಅಂಚಿನದನ್ನು ಹಿಡಿದು, ಇದು ನನ್ನ ಪಾಲಿಗೆ ಎಂದಳು.

ಅವಳ ಹಿಂದೆಯೇ ಅದೇ ಓಣಿಯ ಸಬಿಹಾ ನಿಂತಿದ್ದಳು. ನಾಲ್ಕು ವರ್ಷದ ಹಿಂದೆ ಸಬಿಹಾಳ ತಾಯಿಯನ್ನು ತೊಳೆದದ್ದು ಬಿನ್ನಾಜಳೇ. ಸಬಿಹಾಳ ಬೆರಳು ಅಂಚಿನಗುಂಟ ಹೋಗಿ ಮೂಲೆಯ ಅರ್ಧ ಹಣ್ಣಿನ ಮೇಲೆ ನಿಂತಿತು.

"ಅಂಚು ಚೆನ್ನಾಗಿದೆ ಬಿನ್ನಾಜಕ್ಕ," ಎಂದಳು ಸಬಿಹಾ. "ನೀವೇ ಹೆಣೆದಿದ್ದಾ?"

ಬೀಗಿತ್ತಿ ನೋಡುತ್ತಿದ್ದಳು, ಮಗಳು ನೋಡುತ್ತಿದ್ದಳು.

"ಹೂಂ," ಎಂದಳು ಬಿನ್ನಾಜ್. "ನಾನೇ."

ಸಬಿಹಾ ತಲೆಯಾಡಿಸಿ, ಕಾಫಿ ಮುಟ್ಟದೆ ಹೊರಟುಹೋದಳು.

ಮರುದಿನ ಹಮಾಮಿನಲ್ಲಿ ಬಿನ್ನಾಜಳಿಗೆ ಯಾರ ಬೆನ್ನು ಉಜ್ಜುತ್ತಿದ್ದೇನೆಂಬುದೇ ತಿಳಿಯಲಿಲ್ಲ. ಮಧ್ಯಾಹ್ನ ಕಾಲೆಳೆದುಕೊಂಡು ಸಬಿಹಾಳ ಮನೆಗೆ ಹೋದಳು. ಸಬಿಹಾ ಬೀನ್ಸ್ ಸೋಸುತ್ತಿದ್ದಳು, ಕೂತುಕೊಳ್ಳಿ ಎಂದಳು. ಬಿನ್ನಾಜ್ ಕೂರಲಿಲ್ಲ.

"ಕೊಟ್ಟಿದ್ದು ನಿಮಗೆ. ಏನು ಬೇಕಾದ್ರೂ ಮಾಡ್ಕೊಳ್ಳಿ, ಅದಕ್ಕಲ್ಲ," ಎಂದಳು ಸಬಿಹಾ, ತಲೆಯೆತ್ತದೆ. "ಅಮ್ಮನ ಹಾಸಿಗೆ ಪಕ್ಕ ಕೂತು ಹೆಣೀತಿದ್ದೆ. ಆ ಹಣ್ಣು ಅರ್ಧ ಆಗಿದ್ದಾಗ ಕರೆದ್ಲು, ಅದೇ ಕೊನೆ. ಆಮೇಲೆ ಹೆಣಿಗೆ ಕಡ್ಡಿ ಹಿಡಿಯೋಕೇ ಆಗ್ಲಿಲ್ಲ. ಅದನ್ನ 'ನಾನೇ ಹೆಣೆದಿದ್ದು' ಅಂದ್ರಲ್ಲ ಅಕ್ಕ, ನನ್ನ ಮುಖ ನೋಡ್ಕೊಂಡೇ ಅಂದ್ರಲ್ಲ."

ಬಿನ್ನಾಜಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ತಾನು ಯಾರಿಗೂ ಹೇಳುವುದಿಲ್ಲ, ಹೆಣ್ಣುಮಗಳ ಬಾಳು ಎಂದೂ ಸಬಿಹಾ ಅಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದವಳು ಮಗಳ ಮುಂದೆ ಎಲ್ಲವನ್ನೂ ಹೇಳಿದಳು. ಗುಲಿಜಾರ್, ಹನ್ನೆರಡು ಬೇಕೆಂದು ಕಾಡಿದವಳು ನಾನೇ ಅಲ್ಲವೇ ಎಂದು ಗೋಡೆಗೆ ಮುಖಮಾಡಿ ಅತ್ತಳು. ಇಬ್ಬರೂ ಸೇರಿ ಟವೆಲ್ಲುಗಳನ್ನು ಹಗ್ಗದಿಂದ ಇಳಿಸಿದರು. ಸಬಿಹಾಳದನ್ನು ಗುಲಿಜಾರಳೇ ಕೊಟ್ಟುಬಂದಳು.

ಗುರುವಾರ ಸಾಮಾನು ಒಯ್ಯಲು ಮುಕೆರ್ರೆಮ್ ಹಾನುಂ ಬಂದಳು. ಹಗ್ಗದ ಮೇಲೆ ಟವೆಲ್ಲಿಲ್ಲದ್ದು ಕಂಡು ಹುಬ್ಬೇರಿಸಿದಳು. ಬಿನ್ನಾಜ್ ಅವಳೆದುರು ನಿಂತು, ಅವು ಎಲ್ಲಿಂದ ಬಂದವು, ತಾನು ಯಾಕೆ ಹಾಗೆ ಮಾಡಿದೆ, ಸಬಿಹಾಳ ಮುಂದೆ ಏನೆಂದೆ ಎಂಬುದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಸಂಬಂಧ ಮುರಿದೀತು ಎಂಬ ಅಂಜಿಕೆಯಲ್ಲೇ ಹೇಳಿದಳು.

ಮುಕೆರ್ರೆಮ್ ಹಾನುಂ ಮಡಿಸಿಟ್ಟ ಹನ್ನೊಂದು ಟವೆಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದೊಂದಾಗಿ ಬಿಡಿಸಿ ನೋಡಿದಳು.

"ನಮ್ಮತ್ತೇನೂ ನೀವೇ ತೊಳೆದಿದ್ರಿ," ಎಂದಳು. "ಅವತ್ತು ನಾನೊಂದು ಕೊಟ್ಟಿದ್ದೆ, ಗುಲಾಬಿ ಅಂಚಿಂದು. ಇದ್ರಲ್ಲಿ ಯಾವುದು ನಮ್ದು, ಬಿನ್ನಾಜಮ್ಮ?"

ಬಿನ್ನಾಜ್ ನೋಡಿದಳು. ಹನ್ನೊಂದಕ್ಕೂ ತನ್ನದೇ ಅಂಚು, ಒಂದೇ ನೂಲು, ಒಂದೇ ಹೆಣಿಗೆ.

"ಗೊತ್ತಿಲ್ಲಮ್ಮ," ಎಂದಳು.

ಮುಕೆರ್ರೆಮ್ ಹಾನುಂ ಎಲ್ಲವನ್ನೂ ಮೊದಲಿನ ಮಡಿಕೆಗೇ ಮಡಿಸಿಟ್ಟು ಎದ್ದಳು. ನಾಳೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ, ಇವು ಇಲ್ಲೇ ಇರಲಿ ಎಂದಷ್ಟೇ ಹೇಳಿ ಹಾಸಿಗೆಯ ಗಂಟು ಹೊರಿಸಿದಳು. ಬಾಗಿಲವರೆಗೂ ಹೋಗಿ ಕಳಿಸಿಕೊಡಬೇಕಾದ ಬಿನ್ನಾಜ್, ಆ ಹನ್ನೊಂದರ ಮುಂದೆ ತಲೆ ತಗ್ಗಿಸಿಕೊಂಡು ಕೂತುಬಿಟ್ಟಳು.