ಅಪ್ಪನ ಸ್ಕೂಟರಿಗೆ ಬಣ್ಣ ಹೊಡೆದದ್ದು

ನಮ್ಮ ಯಜಮಾನರು ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ, "ಗಾಡಿಗೆ ಬಣ್ಣ ಹೊಡೆಸಿಬಿಡೋಣ ಕಣೇ," ಎಂದರು. ನನಗೆ ಆ ಕ್ಷಣವೇ ಅನುಮಾನ ಬಂತು.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಕ್ಯಾನಿನ ಮುಚ್ಚಳ ತೆಗೆದರೆ ನಾನು ಬಗ್ಗಿ ಒಳಗೆ ನೋಡುತ್ತಿದ್ದೆ. ತರಕಾರಿಯವನ ತಕ್ಕಡಿಯ ತಟ್ಟೆಯನ್ನು ಎತ್ತಿ ಅದರ ತಳ ಸವರುತ್ತಿದ್ದೆ. ಮನೆಯವರು ನಗುತ್ತಿದ್ದರು. ನಗಲಿ ಬಿಡಿ, ಆ ತಳದಲ್ಲಿ ಹುಣಸೆಹಣ್ಣಿನ ಉಂಡೆ ಅಂಟಿಸಿದ್ದನ್ನು ಒಮ್ಮೆ ಹಿಡಿದವಳೂ ನಾನೇ.

ಸ್ಕೂಟರು ನಮ್ಮಪ್ಪನದು. ಮಂಡಿ ನೋವಿನಿಂದ ಕಿಕ್ ಹೊಡೆಯಲು ಆಗದೆ ಹೋದಾಗ ಅಪ್ಪ ಅದನ್ನು ನನಗೆ ಕೊಟ್ಟರು, ಮರುವರ್ಷ ತೀರಿಕೊಂಡರು. ತವರಿನಿಂದ ನನಗೆ ಉಳಿದದ್ದು ಅದೊಂದೇ. ಓಡಿಸಲು ನನಗೆ ಬರುತ್ತಿರಲಿಲ್ಲ, ಹಿಂದೆ ಕೂರುತ್ತಿದ್ದೆ ಅಷ್ಟೆ. ಆಗ ಹೊಸ ಸ್ಕೂಟರು ಬೇಕೆಂದರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಓಡುವ ಗಾಡಿ ಎಂಥ ಹಳೆಯದಾದರೂ ಅದರ ಮೇಲೆ ಹತ್ತು ಜನರ ಕಣ್ಣಿರುತ್ತಿತ್ತು.

ಆ ಕಣ್ಣುಗಳಲ್ಲಿ ಎರಡು ನಮ್ಮ ಭಾವನವರವು. ಯಜಮಾನರ ಅಣ್ಣ, ಇವರಿಗೆ ತಮ್ಮದೇ ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸಿದವರೂ ಅವರೇ. ಕೆಂಗೇರಿಯಲ್ಲಿ ಮನೆ ಕಟ್ಟಿಸುತ್ತಿದ್ದರು. ಗೋಡೆ ಎದ್ದು, ದುಡ್ಡು ಸಾಲದೆ ತಾರಸಿ ಹಾಕುವುದು ನಿಂತಿತ್ತು. ಆಮೇಲಿಂದ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಅವರು ಬರುವುದು ಹೆಚ್ಚಾಯಿತು. ಅಣ್ಣತಮ್ಮಂದಿರು ಗೇಟಿನ ಹತ್ತಿರ ನಿಂತು ಪಿಸುಗುಡುತ್ತಿದ್ದರು. ನಾನು ಕಾಫಿ ತಂದರೆ ಇಬ್ಬರೂ ಒಟ್ಟಿಗೆ ಮಳೆಯ ವಿಚಾರಕ್ಕೆ ತಿರುಗುತ್ತಿದ್ದರು.

ಮೇಲ್ಮನೆಯ ಓನರ್ ಆಂಟಿಗೆ ಬಣ್ಣದ ವಿಷಯ ಹೇಳಿದೆ. ಅವರು ಬಟ್ಟೆ ಹರವುತ್ತಲೇ, "ಮಾರೋಕ್ ಮುಂಚೆ ಎಲ್ರೂ ಬಣ್ಣ ಹೊಡೆಸ್ತಾರಮ್ಮ," ಎಂದರು. ನನ್ನ ಮನಸ್ಸಿನಲ್ಲಿದ್ದದ್ದೇ ಅವರ ಬಾಯಲ್ಲಿ ಬಂದಿತ್ತು. ಅಪ್ಪನ ಗಾಡಿ ಕೆಂಗೇರಿಯ ತಾರಸಿಯಾಗಲಿದೆ ಎಂದು ಆವತ್ತೇ ತೀರ್ಮಾನಿಸಿದೆ. ಬಿಡಬಾರದು ಎಂದೂ ತೀರ್ಮಾನಿಸಿದೆ.

ಮೊದಲು ಮಾರೇನಹಳ್ಳಿಯ ಒಂದು ಶೆಡ್ಡಿಗೆ ಹೋದೆವು. ಹೊಟ್ಟೆ ಬಗೆದ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಯಾವ ಬಿಡಿಭಾಗ ಯಾವ ಗಾಡಿಯದೆಂದು ದೇವರಿಗೇ ಗೊತ್ತು. ಪೇಂಟರು, "ಬಿಟ್ಟೋಗಿ ಸಾರ್, ಹಬ್ಬದೊಳಗೆ ಕೊಡ್ತೀನಿ," ಎಂದ. ಬಿಟ್ಟು ಹೋದರೆ ಒಳ್ಳೆಯ ಕಾರ್ಬೋರೇಟರು ಹೋಗಿ ಗುಜರಿಯದು ಬರುತ್ತದೆ ಎಂದು ನಾನು ಯಜಮಾನರ ತೋಳು ಚಿವುಟಿದೆ. "ಮನೇಲೇ ಹೊಡೆಯೋಣ ರೀ. ನನ್ನ ಕಣ್ಣೆದುರಿಗೆ," ಎಂದೆ.

"ನಮಗೆಲ್ಲಿ ಬರತ್ತೆ ಕಣೇ?"

"ಬಾಗಿಲಿಗೆ ಹೊಡೆದಿಲ್ವಾ? ಹಾಗೇ."

ಅವರು ಒಂದೇ ಮಾತಿಗೆ ಒಪ್ಪಿಬಿಟ್ಟರು. ಅಷ್ಟು ಸುಲಭವಾಗಿ ಒಪ್ಪಿದ್ದೂ ನನಗೆ ಹಿಡಿಸಲಿಲ್ಲ.

ರಾಜಾಜಿನಗರದ ಪೇಂಟ್ ಅಂಗಡಿಯಲ್ಲಿ ಬಣ್ಣದ ಚೌಕಗಳನ್ನು ಅಂಟಿಸಿದ ಒಂದು ಕಾರ್ಡ್ ಕೊಟ್ಟರು. ಯಜಮಾನರು ಅದನ್ನು ತಿರುಗಿಸಿಯೂ ನೋಡದೆ ನನ್ನ ಕೈಗಿಟ್ಟು, "ನೀನೇ ಆರಿಸು," ಎಂದರು. ಮನೆಗೆ ಒಂದು ಬದನೆಕಾಯಿ ತರಲೂ ನನ್ನನ್ನು ನಂಬದ ಮನುಷ್ಯ! ತಪ್ಪಿತಸ್ಥರೇ ಹೀಗೆ ಧಾರಾಳವಾಗುವುದು ಎಂದುಕೊಂಡೆ. ಕಪ್ಪು ಬೇಡ, ಶನಿ. ಕೆಂಪು ಫೈರ್ ಎಂಜಿನ್ನು. ಮುತ್ತೈದೆ ಮನೆಯ ಗಾಡಿಗೆ ಹಸಿರೇ ಲಕ್ಷಣ ಎಂದು ಗಾಢವಾದ ಒಂದು ಹಸಿರಿನ ಮೇಲೆ ಬೆರಳಿಟ್ಟೆ. "ಚೆನ್ನಾಗಿದ್ಯಾ?" ಎಂದರೆ, "ನಿನಗೆ ಚೆನ್ನಾಗಿದ್ರೆ ಸರಿ," ಎಂದು ಬೀದಿಯ ಕಡೆ ನೋಡಿದರು.

ಸಂಜೆ ಹೊತ್ತು ಇಬ್ಬರೂ ಹಿತ್ತಲಲ್ಲಿ ಕೂತು ಉಪ್ಪು ಕಾಗದ ಹಿಡಿದು ಹಳೆಯ ಬಣ್ಣವನ್ನು ಉಜ್ಜಿದೆವು. ಉಜ್ಜುವುದು ಸುಲಭ ಎಂದುಕೊಂಡವರು ಒಮ್ಮೆ ಉಜ್ಜಿ ನೋಡಬೇಕು. ನನ್ನ ಬೆರಳ ತುದಿಗಳು ಬೆಂದಂತೆ ಉರಿಯುತ್ತಿದ್ದವು, ಆಫೀಸಿನಲ್ಲಿ ಟೈಪ್ ಮಾಡಲು ಆಗುತ್ತಿರಲಿಲ್ಲ. ಬ್ರೇಕಿನ ಪಕ್ಕ, ಅಪ್ಪನ ಚಪ್ಪಲಿ ತಾಗಿ ತಾಗಿ ತಗಡು ಸವೆದಿದ್ದ ಜಾಗ ಬಂದಾಗ ನನ್ನ ಕೈ ನಿಂತಿತು. "ಇಲ್ಲಿ ಬಣ್ಣ ಬೇಡ ರೀ," ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಆಯ್ತು, ಬಿಡು," ಎಂದು ಅಷ್ಟನ್ನು ಬಿಟ್ಟು ಮುಂದಕ್ಕೆ ಉಜ್ಜಿದರು. ಮಾರುವವನಾದರೆ ಹೀಗೆ ಬಿಡುತ್ತಾನೆಯೇ ಎಂದು ಒಂದು ಮನಸ್ಸು ಹೇಳಿತು. ನನ್ನ ಬಾಯಿ ಮುಚ್ಚಿಸಲು ಬಿಟ್ಟಿದ್ದಾರೆ ಎಂದು ಇನ್ನೊಂದು ಹೇಳಿತು. ನಾನು ಯಾವಾಗಲೂ ಎರಡನೆಯದರ ಮಾತನ್ನೇ ಕೇಳುವವಳು.

ಪ್ರೈಮರ್ ಬಳಿದು ಒಣಗಿಸಿದ್ದಾಯಿತು. ಬ್ರಶ್ಶಿನಲ್ಲಿ ಹೊಡೆದರೆ ಗೆರೆ ಬೀಳುತ್ತದೆಂದು ಯಾರೋ ಹೇಳಿದ್ದರು. ಸ್ಪ್ರೇ ಮಾಡುವ ಯಂತ್ರ ನಮಗೆಲ್ಲಿಂದ ಬರಬೇಕು? ತಿಗಣೆ ಔಷಧಿ ಹೊಡೆಯುವ ಕೈಪಂಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದಕ್ಕೇ ಬಣ್ಣ ತುಂಬಿದರು. ಮೊದಲು ಬಣ್ಣ ಗಟ್ಟಿಯಾಗಿ ಪಂಪು ಕೆಮ್ಮಿತು. ಥಿನ್ನರ್ ಹೆಚ್ಚು ಹಾಕಿದರೆ ತಗಡಿನ ಮೇಲೆ ಕಣ್ಣೀರಿನಂತೆ ಇಳಿಯಿತು. ಒಂದು ಮೊಳ ದೂರದಿಂದ, ಕೈ ನಿಲ್ಲಿಸದೆ ಹೊಡೆಯಬೇಕೆಂದು ಗೊತ್ತಾಗುವಷ್ಟರಲ್ಲಿ ಕಾಂಪೌಂಡು, ಓನರ್ ಆಂಟಿಯ ದಾಸವಾಳ, ಯಜಮಾನರ ಮೀಸೆ ಎಲ್ಲವೂ ಹಸಿರಾಗಿದ್ದವು. ಗಾಡಿಯೂ ಆಯಿತು, ಎಡಗಡೆಯ ಕವರೊಂದನ್ನು ಬಿಟ್ಟು. ಡಬ್ಬಿ ಖಾಲಿಯಾಗಿತ್ತು.

"ಗುರುವಾರ ನನಗೆ ರಜಾ. ಇನ್ನೊಂದ್ ಡಬ್ಬಿ ತಂದು ಮುಗಿಸ್ತೀನಿ," ಎಂದರು.

ಆ ಗುರುವಾರ ಸಂಜೆ ಬಸ್ಸಿಳಿದು ಮನೆಗೆ ಬಂದೆ. ಯಜಮಾನರು ಪಂಪನ್ನು ಒರೆಸುತ್ತಾ, ಮುಖವರಳಿಸಿ, "ನೋಡು ಬಾ, ಹೇಗೆ ಕೂತಿದೆ ಬಣ್ಣ! ಒಂದು ಹನಿ ಇಳಿದಿಲ್ಲ," ಎಂದರು.

ಹನಿ ಇಳಿದಿರಲಿಲ್ಲ ನಿಜ. ಆದರೆ ಗಾಡಿಯೆಲ್ಲಾ ಹಸಿರು, ಎಡಗಡೆಯ ಕವರು ಮಾತ್ರ ಕಾಫಿಪುಡಿ ಬಣ್ಣ!

ನನಗೆ ತಲೆ ಕೆಟ್ಟಿತು. ಈ ಮನುಷ್ಯನ ಉಪಾಯ ಈಗ ತಿಳಿಯಿತು ಎನಿಸಿತು. ಗಾಡಿಯನ್ನು ಬೇಕೆಂದೇ ಕೆಡಿಸಿ, ನನಗೇ ಅಸಹ್ಯ ಬರುವಂತೆ ಮಾಡಿ, "ಹಾಳಾಗ್ಹೋಗ್ಲಿ, ಮಾರಿಬಿಡಿ" ಎಂದು ನನ್ನ ಬಾಯಲ್ಲೇ ಹೇಳಿಸುವ ಹೂಟ! ಚೀಲವನ್ನು ಅಲ್ಲೇ ಎಸೆದು ಕೂಗಾಡಿದೆ. ಕೆಂಗೇರಿ, ತಾರಸಿ, ಗೇಟಿನ ಪಿಸುಮಾತು, ಎಲ್ಲವನ್ನೂ ಹೊರಗೆ ಹಾಕಿದೆ. "ನಮ್ಮಪ್ಪನ ಗಾಡಿ ಮಾರಬೇಕು ಅಂತಿದ್ರೆ ನೇರವಾಗಿ ಹೇಳಿ. ಒಂದ್ ಕಡೆ ಹಸಿರು ಒಂದ್ ಕಡೆ ಕಂದು ಬಳಿದು ಆಟ ಆಡಬೇಡಿ!"

ಅವರು ಪಂಪನ್ನು ಕೆಳಗಿಟ್ಟರು. ಗಾಡಿಯ ಈ ಪಕ್ಕ ನೋಡಿದರು, ಸುತ್ತಿ ಹೋಗಿ ಆ ಪಕ್ಕ ನೋಡಿದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ಬೇರೆ ಬಣ್ಣನಾ?" ಎಂದರು.

ನಾಟಕ ಎಂದುಕೊಂಡೆ. ಸುಮ್ಮನೆ ನಂಬುವವಳೇ ನಾನು? ಒಳಗೆ ಹೋಗಿ ಬಳೆ ಪೆಟ್ಟಿಗೆ ತಂದೆ. ಹಸಿರು ಗಾಜಿನ ಬಳೆ, ಕಂದು ಬಳೆ ಎರಡನ್ನೂ ಅವರ ಮುಂದೆ ಬೆರೆಸಿ ಹಾಕಿದೆ. "ಬೇರೆ ಬೇರೆ ಮಾಡಿ ನೋಡೋಣ," ಎಂದೆ.

ಅವರು ಮೆಟ್ಟಿಲ ಮೇಲೆ ಕೂತು ಒಂದೊಂದೇ ಬಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಹೆಬ್ಬೆರಳಲ್ಲಿ ಸವರಿದರು. ಬಹಳ ಹೊತ್ತು ಯೋಚಿಸಿ ಒಂದನ್ನು ಇತ್ತ ಇಟ್ಟರು, ಒಂದನ್ನು ಅತ್ತ. ಮತ್ತೆ ಅನುಮಾನವಾಗಿ ಬದಲಾಯಿಸಿದರು. ಪರೀಕ್ಷೆಯಲ್ಲಿ ಕೂತವರಂತೆ ಹಣೆ ಬೆವರಿತ್ತು. ಕೊನೆಗೆ ಎರಡು ಗುಂಪಿನಲ್ಲೂ ಎರಡೂ ಬಣ್ಣದವು ಇದ್ದವು. "ಸರಿನಾ?" ಎಂದು ನನ್ನ ಮುಖ ನೋಡಿದರು. ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. ಅವರ ಪಕ್ಕದಲ್ಲೇ ಕುಕ್ಕರಿಸಿದೆ.

ಆಮೇಲೆ ಅವರೇ ಹೇಳಿದರು. ಹುಡುಗನಾಗಿದ್ದಾಗ ಎಲೆಗೆ ಕಂದು ಬಣ್ಣ ಬಳಿದು ಡ್ರಾಯಿಂಗ್ ಮೇಷ್ಟ್ರ ಕೈಲಿ ಏಟು ತಿಂದದ್ದು. ಫ್ಯಾಕ್ಟರಿಗೆ ಸೇರುವಾಗ ಕಣ್ಣಿನ ಪರೀಕ್ಷೆಯಲ್ಲಿ ಮುಂದಿನವರು ಹೇಳಿದ ಉತ್ತರವನ್ನೇ ಬಾಯಿಪಾಠ ಮಾಡಿ ಹೇಳಿದ್ದು. ಪೇಂಟ್ ಅಂಗಡಿಯಲ್ಲಿ ಹಬ್ಬದ ನೂಕುನುಗ್ಗಲು. "ಮುಚ್ಚಳದ ಮೇಲೆ ಬಣ್ಣದ ಬೊಟ್ಟು ಇಟ್ಟಿರ್ತಾರಲ್ಲ, ಅದನ್ನ ನೋಡಿ ಇದೇ ಕೊಡಿ ಅಂದೆ. ನನಗೆ ಒಂದೇ ಥರ ಕಾಣ್ತು."

"ಭಾವನವರಿಗೆ ಗೊತ್ತಾ?"

"ಅಯ್ಯೋ, ಅವನಿಗೆ ಗೊತ್ತಾದ್ರೆ ಕ್ಯಾಂಟೀನಿಗೆಲ್ಲಾ ಗೊತ್ತಾದ ಹಾಗೆ. ಸೆಕ್ಷನ್ ಬದಲಾಯಿಸ್ತಾರೋ ಮನೆಗೇ ಕಳಿಸ್ತಾರೋ, ಯಾರಿಗ್ಗೊತ್ತು."

"ಗಾಡಿ?"

ಅವರು ಬಳೆಗಳನ್ನು ಪೆಟ್ಟಿಗೆಗೆ ತುಂಬುತ್ತಾ, "ಕೇಳಿದಾನೆ. ನಾನಿನ್ನೂ ಏನೂ ಹೇಳಿಲ್ಲ. ಕೆಲಸ ಕೊಡಿಸಿದವನಿಗೆ ಇಲ್ಲ ಅನ್ನೋದು ಹೇಗೆ?" ಎಂದರು.

ಅಂದರೆ ನನ್ನ ಅನುಮಾನ ಸುಳ್ಳಾಗಿರಲಿಲ್ಲ. ನನಗೆ ಅವರ ಮೇಲೆ ಮರುಕವೂ ಇತ್ತು, ಸಿಟ್ಟೂ ಇತ್ತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಕವರನ್ನು ಮತ್ತೆ ಉಜ್ಜಿ ಹಸಿರು ಹೊಡೆಯುತ್ತೇನೆ ಎಂದು ಅವರು ಹೊರಟರು. ನಾನು ಬೇಡ ಎಂದೆ. ಆಯುಧಪೂಜೆ ಹತ್ತಿರ ಬಂತು, ಒಣಗುವುದಿಲ್ಲ, ಇರಲಿ ಎಂದೆ. ನಿಜವಾದ ಕಾರಣ ಬೇರೆ. ಎರಡು ಬಣ್ಣದ ಗಾಡಿಯನ್ನು ಯಾವ ಪುಣ್ಯಾತ್ಮ ಕೊಳ್ಳುತ್ತಾನೆ? ಹಾಗೇ ಇದ್ದರೆ ನನ್ನ ಹತ್ತಿರವೇ ಇರುತ್ತದೆ. ಇದನ್ನು ನಾನು ಅವರಿಗೆ ಹೇಳಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಗಾಡಿಗೆ ಚೆಂಡುಹೂವಿನ ಹಾರ ಹಾಕಿ, ಹೆಡ್‌ಲೈಟಿನ ಕೆಳಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟೆ. ಮೇಲೆ ಒಣಗಿದಂತೆ ಕಂಡರೂ ಬಣ್ಣ ಒಳಗೆ ಇನ್ನೂ ಹಸಿಯಾಗಿತ್ತು. ವಿಭೂತಿ ಅದರಲ್ಲೇ ಕಚ್ಚಿಕೊಂಡಿತು. ಆಮೇಲೆ ಎಷ್ಟು ಒರೆಸಿದರೂ ಹೋಗಲಿಲ್ಲ, ಗಾಡಿ ಇದ್ದಷ್ಟು ದಿನವೂ ಅದು ವಿಭೂತಿ ಧರಿಸಿಯೇ ಓಡಾಡಿತು.

ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕರ್ಪೂರ ಹಚ್ಚುತ್ತಿರುವಾಗ ಭಾವ ಬಂದರು. ಜೊತೆಗೆ ಸಫಾರಿ ತೊಟ್ಟ ಒಬ್ಬರು. "ಇವ್ರು ಗಾಡಿ ಹುಡುಕ್ತಿದಾರೆ ಕಣೋ. ಸುಮ್ನೆ ನೋಡ್ಲಿ ಅಂತ ಕರ್ಕೊಂಡ್ ಬಂದೆ," ಎಂದರು. ಹಬ್ಬದ ದಿನ, ಪೂಜೆ ಮಾಡಿದ ಗಾಡಿಯನ್ನು ಸುಮ್ಮನೆ ನೋಡಲು ಯಾರಾದರೂ ಬರುತ್ತಾರೆಯೇ? ನಾನು ಕರ್ಪೂರದ ತಟ್ಟೆ ಹಿಡಿದುಕೊಂಡೇ ನಿಂತೆ.

ಸಫಾರಿಯವರು ಬಲಗಡೆಯಿಂದ ನೋಡಿ ತಲೆದೂಗಿದರು. ಎಡಗಡೆಗೆ ಹೋದವರು ಅಲ್ಲೇ ನಿಂತರು. ಭಾವನೂ ಹೋಗಿ ನೋಡಿ ಹೋ ಎಂದು ನಕ್ಕರು. "ಏನೋ ಇದು! ಆ ಕಡೆ ಹಸಿರು, ಈ ಕಡೆ ಕಾಫಿ ಬಣ್ಣ. ನಿಂಗೇನು ಕಣ್ ಕಾಣಲ್ವೇನೋ?"

ತಮಾಷೆಗೆ ಅಂದ ಮಾತು. ಆದರೆ ಯಜಮಾನರ ಮುಖದಲ್ಲಿ ರಕ್ತ ಇಂಗಿಹೋಯಿತು. ಇನ್ನೊಂದು ಗಳಿಗೆ ಹಾಗೇ ನಿಂತಿದ್ದರೆ ಭಾವನ ನಗು ನಿಂತು ಯೋಚನೆ ಶುರುವಾಗುತ್ತಿತ್ತು.

"ಅವರಲ್ಲ ಭಾವ, ಅದು ನಾನು ಹೊಡೆದಿದ್ದು," ಎಂದೆ. "ಡಬ್ಬಿ ತಂದವಳೂ ನಾನೇ. ಗಡಿಬಿಡೀಲಿ ಬೇರೆ ಬಂದ್ಬಿಡ್ತು."

"ಹೆಂಗಸರ ಕೈಗೆ ಪೇಂಟ್ ಕೊಟ್ರೆ ಇನ್ನೇನಾಗತ್ತೆ!" ಎಂದು ಭಾವ ಮತ್ತೂ ನಕ್ಕರು. ಸಫಾರಿಯವರೂ ನಕ್ಕರು. ನನಗೆ ಮೈಯೆಲ್ಲಾ ಉರಿಯಿತು. ಬೇರೆ ದಿನವಾಗಿದ್ದರೆ ಇಬ್ಬರಿಗೂ ತಕ್ಕ ಉತ್ತರ ಕೊಡುತ್ತಿದ್ದೆ. ಆವತ್ತು ನಾನೂ ನಕ್ಕೆ.

ಹೋಗಲಿ, ಗಾಡಿಯಾದರೂ ಉಳಿಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಸಫಾರಿಯವರು ಕಿಕ್ ಹೊಡೆದು ಸದ್ದು ಕೇಳಿದರು. "ಎಂಜಿನ್ ಫಸ್ಟ್ ಕ್ಲಾಸಾಗಿದೆ. ಬಣ್ಣಕ್ಕೇನ್ ಬಿಡಿ ಸಾರ್, ನಾನು ಬೇರೆ ಹೊಡೆಸ್ಕೋತೀನಿ," ಎಂದರು.

ನನ್ನ ಜಾಣತನವೆಲ್ಲಾ ಅಲ್ಲಿಗೆ ಮಣ್ಣಾಯಿತು. ತಟ್ಟೆಯಲ್ಲಿ ಕರ್ಪೂರ ಉರಿದು ಮುಗಿದಿತ್ತು.

"ಏನಂತೀಯೋ?" ಎಂದು ಭಾವ ತಮ್ಮನ ಹೆಗಲ ಮೇಲೆ ಕೈಯಿಟ್ಟರು.

ಯಜಮಾನರು ಹೋಗಿ ಎಂಜಿನ್ ಆಫ್ ಮಾಡಿದರು. "ಇಲ್ಲ ಅಣ್ಣ. ಮಾರಲ್ಲ. ಗಾಡಿ ಅವಳದು. ನಾನು ನಿಂಗೆ ಮೊದಲೇ ಹೇಳಬೇಕಿತ್ತು," ಎಂದರು.

ಭಾವ ಅವರನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. "ಸರಿಯಪ್ಪಾ. ಹೆಂಡ್ತಿ ಮಾತು ಕೇಳ್ಕೊಂಡು ಚೆನ್ನಾಗಿರು," ಎಂದು ಸಫಾರಿಯವರನ್ನು ಕರೆದುಕೊಂಡು, ಗೇಟನ್ನು ದಢಾರನೆ ಎಳೆದು ಹೋದರು. ಹಬ್ಬದ ಊಟಕ್ಕೆ ನಿಲ್ಲಲಿಲ್ಲ. ಆಮೇಲೆ ಬಹಳ ದಿನ ಈ ಕಡೆ ಸುಳಿಯಲೂ ಇಲ್ಲ. ಯಜಮಾನರಿಗೆ ಅದರ ನೋವು ಕೊನೆಯವರೆಗೂ ಇತ್ತು.

ಗೇಟಿನ ಚಿಲಕ ಹಾಕಿ ಬಂದು ಅವರು ನನ್ನೆದುರು ನಿಂತರು. ಮಾರಲ್ಲ ಎಂದ ಮಾತಿನ ಹಿಂದೆ ಬೇರೆ ಏನಾದರೂ ಇದೆಯೇ ಎಂದು ನಾನು ಅಭ್ಯಾಸದಂತೆ ಅವರ ಮುಖವನ್ನು ಹುಡುಕಿದೆ. ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ನನಗೆ ಅಳು ಬಂತು. ಅವರು, "ಹಾರ ವಾಲಿದೆ ನೋಡು, ಸರಿ ಮಾಡು," ಎಂದು ಒಳಗೆ ಹೋದರು.