ಕಚ್ಚಾ ಹೊಲಿಗೆಯ ಬೆಲ್ಟು

ಡಾಕ್ಟರು ಹೇಳಿದ್ದು ದಿನಾ ಒಂದಿಷ್ಟು ನಡೆಯಿರಿ ಎಂದು, ಅಷ್ಟೇ. ಆದರೆ ನಮ್ಮ ಟೈಲರಕ್ಕನಿಗೆ ಬಟ್ಟೆಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ಅಳತೆಯಲ್ಲಿ ಮಾಡಿ ಗೊತ್ತಿಲ್ಲ. ನಡಿಗೆ ಓಟವಾಯಿತು, ಓಟಕ್ಕೆ ಸೈಕಲ್ಲು ಜೊತೆಯಾಯಿತು. ಕೊನೆಗೆ ಈ ಮಹಾತಾಯಿ ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಮುಗಿಸುವ ದೊಡ್ಡ ಟ್ರಯಥ್ಲಾನ್‌ಗೆ ಹೆಸರು ಕೊಟ್ಟು ಬಂದಳು.

“ನಿನ್ನ ಹಿಂದೆ ನಾಯಿ ಬಿದ್ದಿದೆಯೇನೇ?” ಎಂದು ಅತ್ತೆ ಕೇಳಿದರು. ಬಸ್ ಡ್ರೈವರ್ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಈಜುವುದು ಕೆರೆಯಲ್ಲಿ ಎಂದು ತಿಳಿದ ಮೇಲೆ ಅವನ ನಗು ನಿಂತುಹೋಯಿತು. ತುಂಬಿದ ರಸ್ತೆಯಲ್ಲಿ ಬಸ್ಸನ್ನು ಆಟದ ಸಾಮಾನಿನಂತೆ ತಿರುಗಿಸುವವನಿಗೆ ನೀರೆಂದರೆ ಜೀವ ಬಾಯಿಗೆ ಬರುತ್ತಿತ್ತು. ಈಜು ಬೇರೆ ಬಾರದು. ಆದರೂ ಅವಳು ಅಭ್ಯಾಸಕ್ಕೆಂದು ಕೆರೆಗಿಳಿದ ಪ್ರತಿ ಬೆಳಿಗ್ಗೆಯೂ ದಡದಲ್ಲಿ ನಿಂತು ಕಾಯುತ್ತಿದ್ದ.

ಭಯ ಅವಳಿಗೂ ಇತ್ತು, ಯಾರಿಗೂ ಹೇಳಿರಲಿಲ್ಲ. ಈಜುಕೊಳದಲ್ಲಾದರೆ ತಳ ಕಾಣುತ್ತದೆ. ಕೆರೆಯಲ್ಲಿ ಮುಖ ಅದ್ದಿದರೆ ಬರೀ ಹಸಿರು ಕತ್ತಲು, ಕೆಳಗಿನಿಂದ ಯಾರೋ ಕಾಲು ಹಿಡಿಯಲು ಕಾದಂತೆ. ಆ ಭಯಕ್ಕಿದ್ದ ಒಂದೇ ಮದ್ದು, ಸೊಂಟದ ಬೆಲ್ಟಿಗೆ ಹಗ್ಗದಲ್ಲಿ ಕಟ್ಟಿಕೊಂಡು ಹೋಗುವ ಕಿತ್ತಳೆ ಬಣ್ಣದ ಗಾಳಿಚೀಲ. ಸುಸ್ತಾದರೆ ಅದನ್ನು ತಬ್ಬಿಕೊಂಡು ತೇಲಬಹುದು. ದಡದಿಂದ ಗಂಡನಿಗೆ ಕಾಣುತ್ತಿದ್ದದ್ದೂ ಆ ಚೀಲವೇ.

ಓಡಿ ಓಡಿ ಅವಳ ಸೊಂಟ ಇಳಿದು ಬೆಲ್ಟು ಸಡಿಲವಾಗಿತ್ತು. ಕತ್ತರಿಸಿ, ಅಳತೆ ನೋಡಲು ಕಚ್ಚಾ ಹೊಲಿಗೆ ಹಾಕಿದಳು. ಒಂದೇ ಎಳೆತಕ್ಕೆ ಬಿಚ್ಚಿ ಬರಲೆಂದೇ ಹಾಕುವ ಉದ್ದುದ್ದ ಹೊಲಿಗೆ ಅದು. ಮೇಲೆ ಮಿಷನ್ ಹೊಲಿಗೆ ಬೀಳಬೇಕಿತ್ತು. ಅಷ್ಟರಲ್ಲಿ ಗಿರಾಕಿಗಳು ಬಂದು ಕೂತರು, ಬೆಲ್ಟು ಹಾಗೇ ಈಜಿನ ಸಾಮಾನಿನ ಜೊತೆ ಸೇರಿತು. ದೀಪದ ಬುಡ ಕತ್ತಲೆ ಅಂತ ಸುಮ್ಮನೆ ಹೇಳುತ್ತಾರೆಯೇ!

ಮಾರನೆಯ ಬೆಳಿಗ್ಗೆ ಕೆರೆಯಲ್ಲಿ ದಡದತ್ತ ಮರಳುವಾಗ, ಇನ್ನೂ ಆಳದಲ್ಲಿರುವಾಗಲೇ, ಅವಳ ಕಾಲಿನ ಮೀನಖಂಡ ಸೆಳೆದು ಹಿಡಿದುಕೊಂಡಿತು. ಚೀಲಕ್ಕೆಂದು ಹಿಂದೆ ಕೈ ಚಾಚಿದಳು. ಬರೀ ನೀರು. ಸೊಂಟ ತಡವಿದಳು, ಬೆಲ್ಟೂ ಇಲ್ಲ. ಕಚ್ಚಾ ಹೊಲಿಗೆ ಬಿಚ್ಚಿಹೋಗಿತ್ತು. ಕೂಗಲು ಬಾಯಿ ತೆರೆದರೆ ನೀರು ನುಗ್ಗಿತು. ಸತ್ತೆ, ಇವತ್ತು ಸತ್ತೇಹೋದೆ ಅನ್ನಿಸಿತು. “ಅಂಗಾತ ಬೀಳೇ ಮುಂಡೇದೇ, ಉಸಿರು ಬಿಡೇ!” ಎಂದು ತನ್ನನ್ನು ತಾನೇ ಬೈದುಕೊಂಡು ಆಕಾಶ ನೋಡುತ್ತಾ ತೇಲಿದಳು. ಹೇಗೋ ಕಾಲಿನ ಸೆಳೆತ ಬಿಟ್ಟಿತು.

ತಲೆಯೆತ್ತಿ ನೋಡಿದರೆ ಗಾಳಿಗೆ ಸಿಕ್ಕಿದ ಚೀಲ ದೂರದಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ದಡದಲ್ಲಿ ಗಂಡ ಇರಲಿಲ್ಲ.

ಅವನು ನೀರಿನಲ್ಲಿದ್ದ. ಎದೆಮಟ್ಟ ನೀರಿನಲ್ಲಿ, ಕಣ್ಣು ಆ ಚೀಲದ ಮೇಲೇ ನೆಟ್ಟು, ಎರಡೂ ಕೈ ಬಡಿಯುತ್ತಾ ಮುಂದೆ ಮುಂದೆ ಹೋಗುತ್ತಿದ್ದ. “ನಿಲ್ಲ್ರೀ! ನಾನಿಲ್ಲಿದೀನ್ರೀ!” ಅವಳು ಕಿರುಚಿದ್ದು ಅವನಿಗೆ ಕೇಳಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ತಲೆ ಮುಳುಗಿತು.

ಕೆಳಗೆ ತಳವಿದೆಯೋ ಇಲ್ಲವೋ ಎಂದು ಅವಳು ಆಗ ಯೋಚಿಸಲಿಲ್ಲ. ದೇವರೇ, ದೇವರೇ ಎನ್ನುತ್ತಾ ಈಜಿದಳು. ಹಸಿರು ಕತ್ತಲಲ್ಲಿ ಕೈಗೆ ಮೊದಲು ಸಿಕ್ಕಿದ್ದು ತಾನೇ ಹೊಲಿದ ಅಂಗಿಯ ಕಾಲರು. ಅದನ್ನು ಹಿಡಿದು ದಡದ ಕಲ್ಲುಗಳವರೆಗೂ ಎಳೆದು ತಂದಳು. ಅವನು ಕೆಮ್ಮಿ ಕೆಮ್ಮಿ ನೀರು ಕಾರಿದ. ಅವಳು ಅವನ ಬೆನ್ನಿಗೆ ಗುದ್ದಿದಳು, ಅತ್ತಳು, ಮತ್ತೆ ಗುದ್ದಿದಳು.

“ನಿಮಗೆ ಈಜು ಬರಲ್ಲ ಅನ್ನೋದೂ ಮರ್ತುಹೋಯ್ತೇನ್ರೀ?”

“ಮರ್ತಿರ್ಲಿಲ್ಲ ಕಣೇ,” ಎಂದ ಅವನು. ಹಲ್ಲು ಕಟಕಟ ಎನ್ನುತ್ತಿತ್ತು. “ಚೀಲ ಇತ್ತು, ನೀನಿರ್ಲಿಲ್ಲ. ಇನ್ನು ದಡದಲ್ಲಿ ನಿಂತು ಏನು ಮಾಡ್ಲಿ?”